ಪ್ರವಾಸಿಗರಿಲ್ಲದ ತಿಟ್ಟುಗಳನ್ನು ಕಾಯುವವರು ಯಾರು?

2020ರ ಮಾರ್ಚ್ ತಿಂಗಳ ಕೊನೆಯ ವಾರವನ್ನು ನಾವಾರೂ ಮರೆತಿಲ್ಲ. ಅಂಗಡಿ, ಶಾಲೆ, ಬಸ್ಸು ಎಲ್ಲವೂ ನಿಂತವು. ಪವಿತ್ರ ವಾರವನ್ನು ಮನೆಯೊಳಗೇ ಆಚರಿಸಿದೆವು. ಜನರಿಲ್ಲದ ದೇವಾಲಯಗಳಲ್ಲಿ ಪರಮಪ್ರಸಾದದ ಪೆಟ್ಟಿಗೆಯ ಮುಂದಿನ ದೀಪ ಮಾತ್ರ ಉರಿಯುತ್ತಿತ್ತು. ಜನ ಬಂದರೂ ಬಾರದಿದ್ದರೂ ಆ ದೀಪವನ್ನು ನೋಡಿಕೊಳ್ಳುವ ಒಬ್ಬರು ಬೇಕು.

ಅದೇ ದಿನಗಳಲ್ಲಿ, ಮೈಸೂರಿನಿಂದ ಸುಮಾರು 16 ಕಿ.ಮೀ. ದೂರದ ರಂಗನತಿಟ್ಟಿನಲ್ಲೂ ದೋಣಿಗಳು ದಡ ಸೇರಿದ್ದವು, ಟಿಕೆಟ್ ಕಿಟಕಿ ಮುಚ್ಚಿತ್ತು. ಆದರೆ ಹಕ್ಕಿಗಳಿಗೆ ಲಾಕ್‌ಡೌನ್ ತಿಳಿಯದು. ಅದು ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮರಿ ಮಾಡುವ ಕಾಲ. ನೋಡುವವರು ಇಲ್ಲವೆಂದು ಕಾಯುವವರೂ ಇಲ್ಲವಾಗಬಹುದೇ? ಇಂದಿನ ನಮ್ಮ ಪಾಠ ಈ ಪ್ರಶ್ನೆಯ ಸುತ್ತ.

ಕೈಯಿಂದಾದದ್ದು, ಕೈ ಬೇಡುವುದು

ತಿಟ್ಟು ಎಂದರೆ ನೀರಿನ ನಡುವಿನ ದಿಬ್ಬ. ಹದಿನೇಳನೆಯ ಶತಮಾನದಲ್ಲಿ ಮೈಸೂರು ಅರಸರು ಕಾಲುವೆಗಾಗಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದಾಗ ಶ್ರೀರಂಗಪಟ್ಟಣದ ಬಳಿ ಈ ಪುಟ್ಟ ದ್ವೀಪಗಳು ರೂಪುಗೊಂಡವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ಹೀಗಾಗಿ ನೆಲದ ಮೇಲಿನ ಬೇಟೆಪ್ರಾಣಿಗಳು ಗೂಡಿನತ್ತ ಸುಳಿಯುವುದು ಕಷ್ಟ. ಸುತ್ತಲಿನ ಭತ್ತದ ಗದ್ದೆಗಳಲ್ಲಿ ಬಸವನಹುಳು, ಹೊಳೆಯಲ್ಲಿ ಮೀನು. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಕ್ಕೀತು?

ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಈ ಸ್ಥಳವನ್ನು ಕಂಡರು. ಇದನ್ನು ಉಳಿಸಬೇಕೆಂದು ಅರಸರಲ್ಲಿ ಕೇಳಿಕೊಂಡರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ಆ ವರ್ಷವನ್ನು ಗಮನಿಸಿರಿ. ಎರಡನೆಯ ಮಹಾಯುದ್ಧ ಆಗ ಉರಿಯುತ್ತಿತ್ತು. ಅದೇ ವರ್ಷದ ಜೂನ್‌ನಲ್ಲಿ ಪ್ಯಾರಿಸ್ ನಗರ ಜರ್ಮನಿಯ ವಶವಾಯಿತು. ಈಗ ಹಕ್ಕಿಗಳ ಮಾತು ಏಕೆ ಎಂದು ಯಾರಾದರೂ ಕೇಳಿದ್ದರೆ ಅದು ತಪ್ಪು ಪ್ರಶ್ನೆ ಎನಿಸುತ್ತಿರಲಿಲ್ಲ. ಕಾಲ ಸರಿಹೋಗಲಿ ಎಂದು ಕಾದಿದ್ದರೆ ಇಂದು ನಾವು ಮಕ್ಕಳನ್ನು ಕರೆದೊಯ್ಯುವ ರಂಗನತಿಟ್ಟು ಉಳಿಯುತ್ತಿತ್ತೋ ಇಲ್ಲವೋ!

ಒಮ್ಮೆ ಘೋಷಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳ ಮಣ್ಣು ಕೊಚ್ಚಿ ಹೋಗುತ್ತದೆ, ಮರಗಳು ಉರುಳುತ್ತವೆ. ನದಿ ರೀವ ಎಂಬ ಹಕ್ಕಿ ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ನೀರು ಥಟ್ಟನೆ ಏರಿದರೆ ಆ ವರ್ಷದ ಸಂಸಾರವೇ ಹೋಯಿತು. 2018 ಮತ್ತು 2019ರ ಮಳೆಗಾಲಗಳಲ್ಲಿ ಇಲ್ಲಿ ಹೊಳೆ ಉಕ್ಕಿ ಹರಿಯಿತು. ಪ್ರವಾಹ ಇಳಿದ ಮೇಲೆ ಮರಳಿನ ಮೂಟೆ ಇಟ್ಟು ಅಂಚು ಕಟ್ಟಬೇಕು, ಗಿಡ ನೆಡಬೇಕು, ಗಸ್ತು ತಿರುಗಬೇಕು. ಇವು ಯಾರೂ ಫೋಟೋ ತೆಗೆಯದ ಕೆಲಸಗಳು.

ಬಾಗಿಲು ಮುಚ್ಚಿದಾಗ

ಎರಡು ವರ್ಷದ ಪ್ರವಾಹದ ಬೆನ್ನಿಗೇ ಕೊರೋನಾ ಬಂತು. ಅದೇ 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರವೂ ದೃಢಪಟ್ಟು, ಕೋಳಿಗಳನ್ನು ನಾಶಪಡಿಸಬೇಕಾಯಿತು. ಜನರಿಗೆ ಹಕ್ಕಿಯೆಂದರೇ ಭಯ. ಆದರೂ ಕೇಂದ್ರ ಸರ್ಕಾರದ ಲಾಕ್‌ಡೌನ್ ನಿಯಮಗಳು ಮೃಗಾಲಯ, ವನ್ಯಜೀವಿ ರಕ್ಷಣೆ, ಕಾಡ್ಗಿಚ್ಚು ನಂದಿಸುವಿಕೆ ಮತ್ತು ಅರಣ್ಯ ಗಸ್ತಿನ ಸಿಬ್ಬಂದಿಗೆ ವಿನಾಯಿತಿ ಕೊಟ್ಟವು. ನಾವು ಮನೆಯೊಳಗಿದ್ದಾಗ ಈ ನೌಕರರು ಮನೆ ಬಿಟ್ಟು ಹೊರಟರು. ಅವರಿಗೂ ಹೆಂಡತಿ ಮಕ್ಕಳಿದ್ದರು, ಅವರಿಗೂ ಸೋಂಕಿನ ಅಂಜಿಕೆಯಿತ್ತು.

ಹಣದ ಕಷ್ಟ ಎಲ್ಲರಿಗಿಂತ ಹೆಚ್ಚು ಕಾಣಿಸಿದ್ದು ನಮ್ಮ ಮೃಗಾಲಯದಲ್ಲಿ. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯ ಬಹುಮಟ್ಟಿಗೆ ಟಿಕೆಟ್ ಹಣದಿಂದಲೇ ನಡೆಯುತ್ತದೆ. ಗೇಟು ಮುಚ್ಚಿದರೂ ಆನೆಗೆ ಮೇವು, ಹುಲಿಗೆ ಮಾಂಸ ತಪ್ಪಿಸುವಂತಿಲ್ಲ. ಆಗ ನೆರವಾದವರು ಸಾಮಾನ್ಯ ಜನರು. 2021ರ ಜೂನ್‌ನಲ್ಲಿ ಚಿತ್ರನಟರೊಬ್ಬರು ಕರೆ ಕೊಟ್ಟಾಗ, ಕೆಲವೇ ದಿನಗಳಲ್ಲಿ ರಾಜ್ಯದ ಮೃಗಾಲಯಗಳ ಪ್ರಾಣಿಗಳನ್ನು ದತ್ತು ಪಡೆದವರ ಹಣ ಒಂದು ಕೋಟಿ ರೂಪಾಯಿ ದಾಟಿತು. ದುಡಿಮೆ ನಿಂತಿದ್ದ ದಿನಗಳಲ್ಲೂ ಜನರ ಮನಸ್ಸು ಬತ್ತಿರಲಿಲ್ಲ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಹಿಂದೂ ಮಹಾಸಾಗರದ ಸೇಷೆಲ್ಸ್ ದೇಶದಲ್ಲಿ, ಅಲ್ಲಿನ ಜನರಲ್ಲಿ ಹೆಚ್ಚಿನವರು ಕಥೋಲಿಕರೇ, ಕಸಿನ್ ಎಂಬ ಚಿಕ್ಕ ದ್ವೀಪವಿದೆ. ಸೇಷೆಲ್ಸ್ ವಾರ್ಬ್ಲರ್ ಎಂಬ ಹಾಡುಹಕ್ಕಿ ಒಂದು ಕಾಲಕ್ಕೆ ಲೋಕದಲ್ಲೆಲ್ಲ ಅಲ್ಲಿ ಮಾತ್ರ, ಅದೂ ಮೂವತ್ತಕ್ಕಿಂತ ಕಡಿಮೆ ಉಳಿದಿತ್ತು. 1968ರಲ್ಲಿ ಪಕ್ಷಿಪ್ರಿಯರು ಆ ದ್ವೀಪವನ್ನೇ ಕೊಂಡು, ತೆಂಗಿನ ತೋಟವಾಗಿದ್ದ ನೆಲದಲ್ಲಿ ಹಳೆಯ ಕಾಡು ಮರಳಿ ಬೆಳೆಯಲು ಬಿಟ್ಟರು. ಮುಂದೆ ಆ ಹಕ್ಕಿ ಬೇರೆ ದ್ವೀಪಗಳಿಗೂ ಹೋಗಿ ಸಾವಿರಗಳ ಲೆಕ್ಕಕ್ಕೆ ಬಂತು. ಈ ಕಾವಲಿನ ಖರ್ಚು ಬಹುಪಾಲು ಪ್ರವಾಸಿಗರ ಶುಲ್ಕದಿಂದ. 2020ರಲ್ಲಿ ವಿಮಾನಗಳು ನಿಂತಾಗ ಆ ಆದಾಯವೂ ನಿಂತಿತು. ಅತಿಥಿ ಬಂದರಷ್ಟೇ ಒಲೆ ಹೊತ್ತಿಸುವ ಮನೆ ಎಷ್ಟು ದಿನ ನಡೆದೀತು?

ಒಂದೇ ಉಗ್ರಾಣ

ಮನುಷ್ಯರಿಗೇ ಊಟವಿಲ್ಲದಾಗ ಹಕ್ಕಿಗಳಿಗೆ ಖರ್ಚೇಕೆ ಎಂಬುದು ನಿಷ್ಠುರ ಪ್ರಶ್ನೆ. ಹಸಿದವನ ಮುಂದೆ ನಿಂತು ಹಕ್ಕಿಯ ಉಪನ್ಯಾಸ ಮಾಡುವುದು ಧರ್ಮವಲ್ಲ. ಆದರೆ ಆದಿಕಾಂಡದ ಆರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ ನೋಡಿ. ಲೋಕವೆಲ್ಲ ಮುಳುಗಲಿದ್ದಾಗ ದೇವರು ನೋಹನಿಗೆ ನಾವೆ ಕಟ್ಟಲು ಹೇಳಿದ್ದಷ್ಟೇ ಅಲ್ಲ, ಅವನ ಮನೆಯವರಿಗೂ ಪ್ರಾಣಿಗಳಿಗೂ ಆಗುವಷ್ಟು ಆಹಾರ ಕೂಡಿಡಲು ಹೇಳಿದರು. ನಾವೆಯಲ್ಲಿ ಎರಡು ಲೆಕ್ಕವಿರಲಿಲ್ಲ. ಮಕ್ಕಳ ಪಾಲೂ ಪಾರಿವಾಳದ ಪಾಲೂ ಒಂದೇ ಉಗ್ರಾಣದಲ್ಲಿತ್ತು. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ತಿಳಿಸಿದ್ದೂ ಇದನ್ನೇ: ಬಡವರ ಕೂಗು ಮತ್ತು ಭೂಮಿಯ ಕೂಗನ್ನು ಬೇರೆ ಬೇರೆ ಮಾಡಿ ಕೇಳಲಾಗದು.

ಇನ್ನೊಂದು ಮಾತು. ನಿಂತ ವ್ಯಾಪಾರ ಮತ್ತೆ ಕುದುರಬಹುದು, ಮುಚ್ಚಿದ ಶಾಲೆ ತೆರೆಯಬಹುದು. ಒಮ್ಮೆ ಅಳಿದುಹೋದ ಹಕ್ಕಿಯ ಕುಲ ಮರಳಿ ಬಾರದು. ಆದ್ದರಿಂದ ಕಷ್ಟಕಾಲದಲ್ಲಿ ಖರ್ಚು ಕಡಿಮೆ ಮಾಡಬಹುದು, ಕಾವಲನ್ನು ಕೈಬಿಡಬಾರದು.

2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್‌ಸರ್ ತಾಣವಾಯಿತು. ಅಂದರೆ ಜಗತ್ತಿನ ಮುಖ್ಯ ಜಲತಾಣಗಳ ಪಟ್ಟಿಗೆ ಸೇರಿತು. ಈ ಗೌರವದಲ್ಲಿ ಬಾಗಿಲು ಮುಚ್ಚಿದ್ದ ದಿನಗಳ ಗಸ್ತಿನವರ ಪಾಲೂ ಇದೆ. ಮುಂದಿನ ಬಾರಿ ದೋಣಿ ಹತ್ತುವಾಗ ಅವರನ್ನೂ ನೆನೆಯೋಣ.

ಕುಟುಂಬದಲ್ಲಿ ಚರ್ಚಿಸಿ

1. ಕಷ್ಟದ ದಿನಗಳಲ್ಲಿ ನಮ್ಮ ಮನೆ ಮೊದಲು ಕೈಬಿಡುವುದು ಯಾವ ಕರ್ತವ್ಯವನ್ನು? ಏಕೆ?

2. ಮೃಗಾಲಯದ ಒಂದು ಚಿಕ್ಕ ಪ್ರಾಣಿಯನ್ನೋ ಹಕ್ಕಿಯನ್ನೋ ನಾಲ್ಕಾರು ಕುಟುಂಬಗಳು ಕೂಡಿ ದತ್ತು ಪಡೆಯಬಹುದೇ? ಮುಂದಿನ ಕೂಟದಲ್ಲಿ ಮಾತನಾಡಿ.

3. ಯಾರೂ ನೋಡದಿದ್ದರೂ ಕೆಲಸ ಬಿಡದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ಈ ವಾರ ಮಕ್ಕಳೊಂದಿಗೆ ಹೋಗಿ ಅವರಿಗೆ ಒಂದು ಕೃತಜ್ಞತೆಯ ಮಾತು ಹೇಳಿ ಬನ್ನಿ.