ಒಂದೆರಡು ಸಾಲಿಗಷ್ಟೇ ಬೀಗ ಹಾಕಬಹುದೆ?

ಪ್ರಶ್ನೆ: ನಮ್ಮ ಸಂಘದ ಪತ್ರಗಳ ಮಾದರಿಯನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಟ್ಟು, ಇಮ್ಯಾಕ್ಸ್‌ನಲ್ಲಿ ತಿದ್ದುತ್ತೇವೆ. ಮೇಲಿನ ವಿಳಾಸದ ಸಾಲುಗಳು ದಪ್ಪಕ್ಷರದಲ್ಲಿ ಕಾಣಬೇಕು, ಅವನ್ನು ಯಾರೂ ಅಳಿಸುವಂತಿರಬಾರದು. ಸಾಧ್ಯವೆ?

ಉತ್ತರ: ತೆರೆಯ ಮೇಲೆ ಸಾಧ್ಯ, ಫೈಲಿನಲ್ಲಿ ಇಲ್ಲ. ‘ಕ’ ಎಂದು ಬರೆದು ಯುಟಿಎಫ್-8ರಲ್ಲಿ ಸೇವ್ ಮಾಡಿದರೆ ಆ ಅಕ್ಷರಕ್ಕೆ ಸಿಗುವುದು 3 ಬೈಟ್. ಅದು ದಪ್ಪವೋ ತೆಳುವೋ, ಮುಟ್ಟಬಹುದೋ ಬಾರದೋ ಎಂದು ಗುರುತು ಹಾಕಲು ಅಲ್ಲಿ ಜಾಗವೇ ಇಲ್ಲ.

ಇಮ್ಯಾಕ್ಸ್ ಮಾತ್ರ ತಾನು ತೆರೆದಿಟ್ಟ ಪಠ್ಯದ ಯಾವುದೇ ಅಕ್ಷರಕ್ಕೆ ಮೆಮೊರಿಯಲ್ಲಿ ಗುಣಗಳನ್ನು ಅಂಟಿಸಬಲ್ಲದು. ‘ಫೇಸ್’ ಎಂಬ ಗುಣ ದಪ್ಪ, ಬಣ್ಣಗಳನ್ನು ನೋಡಿಕೊಳ್ಳುತ್ತದೆ. ‘ರೀಡ್-ಓನ್ಲಿ’ ಹಚ್ಚಿದ ಭಾಗಕ್ಕೆ ಕೈಹಾಕಿದರೆ ‘ಟೆಕ್ಸ್ಟ್ ಈಸ್ ರೀಡ್-ಓನ್ಲಿ’ ಎಂದು ಕೆಳಗೆ ಗದರುತ್ತದೆ. ಈ ಬೀಗ ಎಷ್ಟು ಕಟ್ಟುನಿಟ್ಟೆಂದರೆ, ಗುಣ ತೆಗೆಯುವುದೂ ತಿದ್ದುಪಡಿಯೇ ಆದ್ದರಿಂದ ಹಾಕಿದವರೂ ತೆಗೆಯಲಾರರು! ‘ಇನ್‌ಹಿಬಿಟ್-ರೀಡ್-ಓನ್ಲಿ’ಯನ್ನು ಆನ್ ಮಾಡಿಕೊಂಡೇ ತೆಗೆಯಬೇಕು. ಇನ್ನೊಂದು ತೊಡಕು: ಗುಣ ಹಿಂದಿನ ಅಕ್ಷರದಿಂದ ಮುಂದಕ್ಕೆ ಅಂಟಿಕೊಳ್ಳುತ್ತದೆ. ಸಾಲಿನ ಕೊನೆಯ ಎಂಟರ್‌ಗೂ ಬೀಗ ಬಿದ್ದಿದ್ದರೆ ಮುಂದಿನ ಸಾಲಿನ ಮೊದಲ ಅಕ್ಷರವನ್ನೇ ಟೈಪ್ ಮಾಡಲಾಗದು. ಆ ಎಂಟರ್ ಅನ್ನು ಹೊರಗಿಟ್ಟು ಬೀಗ ಹಾಕಿ.

ಸಾದಾ ಫೈಲಾಗಿ ಸೇವ್ ಮಾಡಿ ಮುಚ್ಚಿದಿರೋ, ಇದೆಲ್ಲ ಹೋಯಿತು. ‘ಎನ್ರಿಚ್ಡ್’ ಮೋಡ್ ಇವನ್ನು ಟ್ಯಾಗ್‌ಗಳಾಗಿ ಫೈಲಿನಲ್ಲೇ ಬರೆದಿಡುತ್ತದೆ, ನಿಜ. ಆದರೆ ಅದೇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದವರಿಗೆ ಆ ಟ್ಯಾಗ್‌ಗಳೆಲ್ಲ ಬರೀ ಅಕ್ಷರಗಳು. ಬೀಗದ ಸಮೇತ ಅಳಿಸಬಹುದು. ಹಾಗಾಗಿ ಇದು ಕೈತಪ್ಪಿಗೆ ತಡೆ, ಬೇಕೆಂದೇ ಅಳಿಸುವವರಿಗಲ್ಲ.

ಕೈತಪ್ಪಿನ ಭಯವಷ್ಟೇ ಇದ್ದರೆ ನಾನು ಬೀಗದ ಗೊಡವೆಗೇ ಹೋಗುವುದಿಲ್ಲ. ಪತ್ರದ ಒಡಲನ್ನು ಆಯ್ದು ಕಂಟ್ರೋಲ್-ಎಕ್ಸ್, ಎನ್, ಎನ್ ಒತ್ತಿ: ಅಷ್ಟೇ ಕಾಣುತ್ತದೆ, ಉಳಿದದ್ದು ಮರೆಯಲ್ಲಿ ಸುರಕ್ಷಿತ. ಸೇವ್ ಮಾಡಿದಾಗ ಇಡೀ ಫೈಲೇ ಸೇವ್ ಆಗುತ್ತದೆ. ಈ ಕೀಲಿಗಳನ್ನು ಮೊದಲ ಸಲ ಒತ್ತಿದಾಗ ‘ನಿಜಕ್ಕೂ ಬೇಕೆ?’ ಎಂದು ಕೇಳುತ್ತದೆ. ಹೊಸಬರು ಬರೆದದ್ದೆಲ್ಲ ಹೋಯಿತೆಂದು ಗಾಬರಿಯಾಗದಿರಲಿ ಎಂದು ಈ ಆಜ್ಞೆಯನ್ನು ತಡೆಹಿಡಿದೇ ಕೊಟ್ಟಿದ್ದಾರೆ. ಕೊನೆಯ ಎನ್ ಬದಲು ಡಬ್ಲ್ಯೂ ಒತ್ತಿದರೆ ಎಲ್ಲವೂ ವಾಪಸ್.

ಹಲವರು ತಿದ್ದುವ ಮಾದರಿಯಾದರೆ ವಿಳಾಸವನ್ನು ಬೇರೆ ಫೈಲಿನಲ್ಲಿಡಿ. ಲಿನಕ್ಸ್‌ನಲ್ಲಿ ‘ಸಿಎಚ್‌ಮಾಡ್ 444’ ಕೊಟ್ಟು ಓದಲು ಮಾತ್ರ ಬಿಡಿ, ಪ್ರಿಂಟ್ ತೆಗೆಯುವಾಗ ‘ಕ್ಯಾಟ್’ ಆಜ್ಞೆಯಿಂದ ಎರಡನ್ನೂ ಜೋಡಿಸಿ. ಫೋಲ್ಡರ್‌ಗೆ ಬರೆಯುವ ಅನುಮತಿ ಇದ್ದವರು ಇಂಥ ಫೈಲನ್ನೂ ಸಾಮಾನ್ಯವಾಗಿ ಡಿಲೀಟ್ ಮಾಡಬಲ್ಲರು. ಆ ಅನುಮತಿ ಯಾರ್‍ಯಾರಿಗಿದೆ ಎಂದೂ ನೋಡಿಕೊಳ್ಳಿ.