ಗರ್ಭಿಣಿಯರ ನಂಜು: ಗುರುತಿಸುವ ಬಗೆ, ಕಾಪಾಡುವ ಬಗೆ

ಚೊಚ್ಚಲ ಬಸುರಿಯೊಬ್ಬಳಿಗೆ ಎಂಟನೆಯ ತಿಂಗಳು ನಡೆಯುತ್ತಿದೆ ಎಂದು ಇಟ್ಟುಕೊಳ್ಳೋಣ. ಕೈಬಳೆ ಬಿಗಿಯಾಗಿದೆ, ಬೆಳಗ್ಗೆ ಏಳುವಾಗ ಮುಖ ಊದಿರುತ್ತದೆ, ಎರಡು ದಿನಗಳಿಂದ ತಲೆನೋವು ಬಿಟ್ಟಿಲ್ಲ. ಮನೆಯ ಹಿರಿಯರು “ಬಸುರಿಗೆ ಕಾಲಲ್ಲಿ ನೀರಿಳಿಯುವುದು ಸಹಜವಮ್ಮ, ಬಿಸಿಲಿಗೆ ಪಿತ್ತ ಕೆದರಿದೆ, ಮಜ್ಜಿಗೆ ಕುಡಿದು ಮಲಗು” ಎಂದು ಸಮಾಧಾನ ಹೇಳುತ್ತಾರೆ. ಮೂರನೆಯ ದಿನ ಎದೆಗುಂಡಿಯ ಕೆಳಗೆ ನೋವು ಕಾಣಿಸಿಕೊಂಡು ಕಣ್ಣು ಮಂಜಾಗುತ್ತದೆ. ಆ ರಾತ್ರಿಯೇ ಕೈಕಾಲುಗಳು ಸೆಟೆದು, ಹಲ್ಲು ಕಚ್ಚಿ, ಪ್ರಜ್ಞೆ ತಪ್ಪುತ್ತದೆ. ನಂಜು ಏರಿತೆಂದು ಕೆಲವರು, ಸನ್ನಿ ಹಿಡಿಯಿತೆಂದು ಕೆಲವರು, ಗಾಳಿ ಸೋಕಿತೆಂದು ಕೆಲವರು ಹೇಳುತ್ತಾರೆ. ವೈದ್ಯಶಾಸ್ತ್ರದಲ್ಲಿ ಈ ಸೆಳವಿಗೆ ‘ಎಕ್ಲಾಂಪ್ಸಿಯಾ’ ಎಂದೂ ಅದಕ್ಕೆ ಮುಂಚಿನ ಸ್ಥಿತಿಗೆ ‘ಪ್ರಿಎಕ್ಲಾಂಪ್ಸಿಯಾ’ ಎಂದೂ ಹೆಸರು. ಸೆಳವು ಒಮ್ಮೆಗೇ ಎರಗಿದಂತೆ ಕಂಡರೂ ಬಹುಮಟ್ಟಿಗೆ ಅದು ಮುನ್ಸೂಚನೆಗಳನ್ನು ಕೊಟ್ಟೇ ಬರುತ್ತದೆ. ಆ ಸೂಚನೆಗಳನ್ನು ಓದಲು ಕಲಿಯುವುದೇ ಈ ಲೇಖನದ ಉದ್ದೇಶ.

ನಂಜು ಎಂಬುದು ನಿಜವೇ?

ಪಾಶ್ಚಾತ್ಯ ವೈದ್ಯರೂ ಬಹುಕಾಲ ಇದನ್ನು ರಕ್ತದಲ್ಲಿ ವಿಷ ಸೇರಿ ಬರುವ ರೋಗವೆಂದೇ ತಿಳಿದಿದ್ದರು. 1843ರಲ್ಲಿ ಲಂಡನಿನ ಜಾನ್ ಲೀವರ್ ಎಂಬ ವೈದ್ಯನು ಇಂತಹ ಗರ್ಭಿಣಿಯರ ಮೂತ್ರವನ್ನು ಕಾಯಿಸಿದಾಗ ಅದರಲ್ಲಿ ಆಲ್ಬುಮಿನ್ ಎಂಬ ಸಸಾರಜನಕವು ಕೋಳಿಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದನ್ನು ಕಂಡನು. 1896ರಲ್ಲಿ ಇಟಲಿಯ ರೀವಾ-ರೋಚಿ ತೋಳಿಗೆ ಸುತ್ತುವ ಪಟ್ಟಿಯನ್ನೂ, 1905ರಲ್ಲಿ ರಷ್ಯದ ಕೊರೊಟ್ಕೊವ್ ನಾಡಿಯ ಸದ್ದನ್ನು ಆಲಿಸುವ ವಿಧಾನವನ್ನೂ ತೋರಿಸಿಕೊಟ್ಟ ಮೇಲೆ, ರೋಗಿಗಳ ರಕ್ತದ ಒತ್ತಡವು ಮಿತಿಮೀರಿರುವುದು ಸ್ಪಷ್ಟವಾಯಿತು. ಆದರೆ ಆ ವಿಷ ಮಾತ್ರ ಸಿಗಲಿಲ್ಲ.

ಇದರ ಎಳೆಯೊಂದು ದೊರೆತದ್ದು 2003ರಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಭಾರತ ಮೂಲದ ವೈದ್ಯ ಅನಂತ ಕರುಮಂಚಿ ಮತ್ತು ಅವರ ಸಂಗಡಿಗರು, ಇಂತಹ ಗರ್ಭಿಣಿಯರ ಮಾಸು ಒಂದು ಬಗೆಯ ಸಸಾರಜನಕವನ್ನು ವಿಪರೀತವಾಗಿ ರಕ್ತಕ್ಕೆ ಬಿಡುವುದೆಂದು ತೋರಿಸಿದರು. ಗರ್ಭಕೋಶದ ರಕ್ತನಾಳಗಳು ಮೊದಲ ತಿಂಗಳುಗಳಲ್ಲಿ ಸಾಕಷ್ಟು ಅಗಲವಾಗದಿದ್ದರೆ ಮಾಸಿಗೆ ರಕ್ತ ಸಾಲದು. ಆಗ ಅದು ಹೊರಬಿಡುವ ವಸ್ತುಗಳು ತಾಯಿಯ ಮೈಯೆಲ್ಲಾ ಹರಡಿ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ನಾಳಗಳು ಕುಗ್ಗಿ ಒತ್ತಡ ಏರುತ್ತದೆ, ಮೂತ್ರಪಿಂಡ ಸೋರುತ್ತದೆ, ಯಕೃತ್ತು ಬಾಧೆಗೊಳ್ಳುತ್ತದೆ, ಮಿದುಳು ಉದ್ರೇಕಗೊಂಡು ಸೆಳವು ಬರುತ್ತದೆ. ಹೊರಗಿನ ನಂಜಲ್ಲ, ಒಳಗಿನ ಮಾಸಿನದೇ ನಂಜು. ನಮ್ಮ ಅಜ್ಜಿಯರ ಮಾತು ಪೂರ್ತಿ ಸುಳ್ಳಾಗಲಿಲ್ಲ.

ಗುರುತಿಸುವ ಬಗೆ

ಗರ್ಭಕ್ಕೆ 20 ವಾರ ತುಂಬಿದ ಮೇಲೆ ರಕ್ತದ ಒತ್ತಡವು 140/90ಕ್ಕೆ ಮುಟ್ಟಿದರೆ ಎಚ್ಚರಗೊಳ್ಳಬೇಕು. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಇದ್ದರೆ, ಅಥವಾ ಅದಿಲ್ಲದೆಯೂ ಯಕೃತ್ತು, ಮೂತ್ರಪಿಂಡ, ರಕ್ತಕಣಗಳಲ್ಲಿ ಏರುಪೇರು ಕಂಡರೆ, ಅದು ಪ್ರಿಎಕ್ಲಾಂಪ್ಸಿಯಾ. ಒತ್ತಡವು 160/110ಕ್ಕೇರಿದರೆ ಅದು ತೀವ್ರ ರೂಪ. ಆಗ ಗಂಟೆಗಳ ಲೆಕ್ಕವೂ ಅಲ್ಲ, ನಿಮಿಷಗಳ ಲೆಕ್ಕ.

ಒತ್ತಡ ಏರಿದ್ದು ಗರ್ಭಿಣಿಗೆ ತಾನಾಗಿ ತಿಳಿಯುವುದಿಲ್ಲ ಎಂಬುದೇ ಇಲ್ಲಿನ ಅಪಾಯ. ಬರಿಗಣ್ಣಿಗೆ ಕಾಣುವ ಊತವಾದರೋ ನಂಬಿಕೆಗೆ ಅರ್ಹವಲ್ಲ. ಆರೋಗ್ಯವಂತೆಯ ಕಾಲೂ ಊದಬಹುದು, ಊತವಿಲ್ಲದವಳಿಗೂ ಸೆಳವು ಬರಬಹುದು. ಆದುದರಿಂದ ಪ್ರತಿ ಭೇಟಿಯಲ್ಲಿಯೂ, ಐದು ನಿಮಿಷ ವಿಶ್ರಮಿಸಿ ಕುಳಿತ ಬಳಿಕ, ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಒತ್ತಡವನ್ನು ಅಳೆಯಿಸಿಕೊಳ್ಳುವುದು ಗರ್ಭಿಣಿಯ ಹಕ್ಕೆಂದೇ ತಿಳಿಯಬೇಕು.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೊರಡತಕ್ಕದ್ದು: ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ, ವಿಶೇಷವಾಗಿ ಬಲಪಕ್ಕೆಯ ಕೆಳಗೆ ನೋವು, ಏದುಸಿರು, ಮೂತ್ರ ಕಡಿಮೆಯಾಗುವುದು, ರಕ್ತಸ್ರಾವ, ಮಗುವಿನ ಮಿಸುಕಾಟ ಇಳಿಯುವುದು. ಮೇಲ್ಹೊಟ್ಟೆಯ ನೋವನ್ನು ವಾಯುವೆಂದು ಕಡೆಗಣಿಸುವವರು ಬಹಳ. ಅದು ಯಕೃತ್ತಿನ ಕೂಗಿರಬಹುದು. ರಕ್ತಕಣಗಳು ಒಡೆದು, ಯಕೃತ್ತು ಕೆಟ್ಟು, ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿಯುವ ‘ಹೆಲ್ಪ್’ ಎಂಬ ವಿಷಮ ಸ್ಥಿತಿಗೆ ಅದು ಮೊದಲ ಸೂಚನೆಯಾಗಬಹುದು.

ದುರ್ಗದ ಸೀಮೆಯ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡು ನೋಡೋಣ. ಹಿರಿಯೂರು ಹೆದ್ದಾರಿಯ ಮೇಲಿದೆ. ಜಿಲ್ಲಾಕೇಂದ್ರಕ್ಕೆ ಸುಮಾರು 40 ಕಿ.ಮೀ. ಹೊಳಲ್ಕೆರೆ ಅದಕ್ಕಿಂತ ಸ್ವಲ್ಪ ಹತ್ತಿರ. ಹೊಸದುರ್ಗದಿಂದ ಬರುವವರಿಗೆ ಹಾದಿ ಇನ್ನೂ ದೂರ. ಇವೆಲ್ಲ ಪಟ್ಟಣದಿಂದ ಪಟ್ಟಣಕ್ಕೆ ಹೇಳಿದ ಅಂತರ; ವೇದಾವತಿಯ ದಂಡೆಯ ತೋಟದ ಮನೆಯಿಂದಲೋ ಗುಡ್ಡದ ಮಗ್ಗುಲಿನ ಹಟ್ಟಿಯಿಂದಲೋ ಪಟ್ಟಣಕ್ಕೆ ಬರುವ ಹೊತ್ತನ್ನು ಇದಕ್ಕೆ ಕೂಡಿಸಬೇಕು. 2008ರಿಂದ 108ರ ವಾಹನ ಕರೆದರೆ ಬರುತ್ತದೆ. ಆದರೆ ವಾಹನವು ಚಿಕಿತ್ಸೆಯಲ್ಲ, ಚಿಕಿತ್ಸೆಯ ಕಡೆಗಿನ ಹಾದಿ. ಆದುದರಿಂದ ಮೊದಲ ಮದ್ದು ಹೊರಡುವ ಮೊದಲೇ ದೊರೆಯಬೇಕು.

ಆ ಮದ್ದು ಮೆಗ್ನೀಸಿಯಮ್ ಸಲ್ಫೇಟ್. ಭೇದಿಗೆ ಕೊಡುತ್ತಿದ್ದ ಎಪ್ಸಂ ಲವಣವೂ ಇದೇ. ಬೆಲೆ ಅಗ್ಗ. 1995ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಇದು ಡಯಾಜೆಪಾಮಿಗಿಂತ 52 ಪಾಲು, ಫೆನಿಟಾಯಿನಿಗಿಂತ 67 ಪಾಲು ಪ್ರತಿಶತ ಹೆಚ್ಚಾಗಿ ಸೆಳವು ಮರುಕಳಿಸುವುದನ್ನು ತಡೆಯಿತು. 2002ರಲ್ಲಿ 33 ದೇಶಗಳ ಸುಮಾರು 10,000 ಸ್ತ್ರೀಯರ ಮೇಲೆ ನಡೆದ ‘ಮ್ಯಾಗ್‌ಪೈ’ ಪ್ರಯೋಗವು, ಸೆಳವು ಇನ್ನೂ ಬಾರದವರಿಗೆ ಇದನ್ನು ಕೊಟ್ಟರೆ ಅಪಾಯವು ಅರ್ಧಕ್ಕಿಂತ ಕೆಳಗಿಳಿಯುವುದೆಂದು ತೋರಿಸಿತು. ಎರಡು ಪೃಷ್ಠಗಳಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಮೊದಲ ಚುಚ್ಚುಮದ್ದನ್ನು ತರಬೇತಿ ಪಡೆದ ಆರೋಗ್ಯ ಸಹಾಯಕಿಯೇ ಕೊಟ್ಟು ರೋಗಿಯನ್ನು ಕಳುಹಿಸಲು ನಮ್ಮ ದೇಶದ ನಿಯಮಗಳಲ್ಲಿ ಅವಕಾಶವಿದೆ.

ಸೆಳವು ಬಂದಾಗ ಮನೆಯವರು ಮಾಡಬೇಕಾದುದು ಸ್ವಲ್ಪ, ಮಾಡಬಾರದ್ದು ಬಹಳ. ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಹೊರಕ್ಕೆ ಹರಿಯುವಂತೆ ನೋಡಿಕೊಂಡು, ಪೆಟ್ಟಾಗದಂತೆ ಕಾಯಬೇಕು. ಹಲ್ಲುಗಳ ನಡುವೆ ಚಮಚ ತುರುಕುವುದು, ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ನೀರು ಹೊಯ್ಯುವುದು ಕೂಡದು. ನಿಶ್ಶಕ್ತಿಯೆಂದು ಗ್ಲೂಕೋಸ್ ಏರಿಸಿರೆಂದು ಹಟ ಹಿಡಿಯುವುದೂ ಸಲ್ಲದು. ಹೆಚ್ಚಿನ ದ್ರವವು ಇಂತಹವರ ಶ್ವಾಸಕೋಶದಲ್ಲಿ ತುಂಬಿ ಕೊಲ್ಲಬಹುದು.

ಆಸ್ಪತ್ರೆಯಲ್ಲಿ

ವೈದ್ಯರು ಮೊದಲು ಅತಿಯಾದ ಒತ್ತಡವನ್ನು ಲ್ಯಾಬೆಟಲಾಲ್, ನಿಫೆಡಿಪಿನ್ ಮುಂತಾದ ಔಷಧಗಳಿಂದ ಹದವಾಗಿ ಇಳಿಸುವರು. ಇಳಿಸದಿದ್ದರೆ ಮಿದುಳಿನಲ್ಲಿ ರಕ್ತನಾಳ ಒಡೆಯುವ ಭಯ. ಬಾಯಿಯ ಮೂಲಕ ಕೊಡುವ ಮಾತ್ರೆಗಳೂ ಈ ಕೆಲಸಕ್ಕೆ ಒದಗುವುವೆಂದು ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳ ಪ್ರಯೋಗವು 2019ರಲ್ಲಿ ಖಚಿತಪಡಿಸಿತು. ಮೆಗ್ನೀಸಿಯಮ್ ಮುಂದುವರಿಸುವಾಗ ಮಂಡಿಯ ಪ್ರತಿಕ್ರಿಯೆ, ಉಸಿರಾಟದ ಸಂಖ್ಯೆ, ಮೂತ್ರದ ಪ್ರಮಾಣ ಈ ಮೂರನ್ನೂ ಕಾಯಬೇಕು. ಮಿತಿಮೀರಿದರೆ ಕ್ಯಾಲ್ಸಿಯಮ್ ಗ್ಲುಕೋನೇಟ್ ಅದಕ್ಕೆ ಪ್ರತಿಮದ್ದು. ಆದರೆ ರೋಗದ ಮೂಲ ಮಾಸಿನಲ್ಲಿರುವುದರಿಂದ ಹೆರಿಗೆಯೇ ಮುಖ್ಯ ಚಿಕಿತ್ಸೆ. ತೀವ್ರ ರೂಪದಲ್ಲಿ 34 ವಾರಗಳಾಗಿದ್ದರೆ ಕಾಯುವುದಿಲ್ಲ. ಅದಕ್ಕೆ ಮುಂಚೆಯಾದರೆ ಮಗುವಿನ ಶ್ವಾಸಕೋಶ ಬಲಿಯಲು ಚುಚ್ಚುಮದ್ದು ಕೊಟ್ಟು, ತಾಯಿಯ ಸ್ಥಿತಿಯನ್ನು ತೂಗಿನೋಡಿ ನಿರ್ಧರಿಸುವರು.

ತವರಿನ ಹಾದಿ, ಬಾಣಂತಿಯ ಕೋಣೆ

ಎರಡು ಎಡೆಗಳಲ್ಲಿ ನಮ್ಮ ಎಚ್ಚರ ತಪ್ಪುತ್ತದೆ. ಮೊದಲನೆಯದು ತವರಿಗೆ ಹೋಗುವ ಕಾಲ. ಸೀಮಂತ ಮುಗಿಸಿ ಚೊಚ್ಚಲ ಬಸುರಿ ಬೇರೆ ಊರಿಗೆ ಹೋಗುವ ತಿಂಗಳುಗಳಲ್ಲಿಯೇ ಈ ರೋಗ ತಲೆಯೆತ್ತುವುದು ಹೆಚ್ಚು. ಅಂದಿನವರೆಗೆ ಅಳೆದ ಒತ್ತಡವೆಲ್ಲ ತಾಯಿ ಕಾರ್ಡಿನಲ್ಲಿರುತ್ತದೆ. ಸೀರೆಯ ಗಂಟಿನೊಂದಿಗೆ ಕಾರ್ಡೂ ಹೋಗಬೇಕು. ಹೋದ ವಾರದಲ್ಲಿಯೇ ತವರೂರಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ಎರಡನೆಯದು ಹೆರಿಗೆಯ ನಂತರದ ದಿನಗಳು. ಮಗು ಹುಟ್ಟಿದೊಡನೆ ಅಪಾಯ ಮುಗಿಯದು. ಮೊದಲ 48 ಗಂಟೆಗಳು ಕಠಿನ, ಆರು ವಾರಗಳವರೆಗೂ ಎಚ್ಚರ ಬೇಕು. ಬಾಣಂತಿ ಸನ್ನಿ ಎನ್ನಿಸಿಕೊಂಡ ಸಾವುಗಳಲ್ಲಿ ಕೆಲವು ಇದರಿಂದಲೇ ಆಗಿರಬೇಕು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ರೂಢಿಯುಂಟು. 2023ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ಹೀಗೆ ಹೊರಗಿರಿಸಿದ್ದ ಹಸುಗೂಸೊಂದು ತೀರಿಕೊಂಡಿತು. ತಲೆನೋವೆಂದು ಹೇಳಿಕೊಳ್ಳಲು ಪಕ್ಕದಲ್ಲಿ ಜನವಿಲ್ಲದ ಕಡೆ ಸೆಳವು ಬಂದರೆ ಗತಿಯೇನು ಎಂಬುದನ್ನು ಹಟ್ಟಿಯ ಹಿರಿಯರೇ ಆಲೋಚಿಸಬೇಕು.

ತಡೆಯಬಹುದೇ?

ಪೂರ್ತಿಯಾಗಿ ಅಲ್ಲ, ಸ್ವಲ್ಪಮಟ್ಟಿಗೆ ಹೌದು. ಹಿಂದಿನ ಬಸುರಿನಲ್ಲಿ ಈ ರೋಗ ಬಂದವರಿಗೆ, ಅವಳಿ ಗರ್ಭವಿದ್ದವರಿಗೆ, ಸಕ್ಕರೆ, ಮೂತ್ರಪಿಂಡದ ರೋಗ ಅಥವಾ ಮೊದಲಿನಿಂದಲೂ ಒತ್ತಡ ಇದ್ದವರಿಗೆ ವೈದ್ಯರು ಮೂರನೆಯ ನಾಲ್ಕನೆಯ ತಿಂಗಳಿನಿಂದಲೇ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡುವರು. ಸುಣ್ಣದಂಶ ಕಡಿಮೆಯಿರುವ ಆಹಾರದವರಿಗೆ ಕ್ಯಾಲ್ಸಿಯಮ್ ಮಾತ್ರೆ ಹಿತ. ದುರ್ಗದ ರಾಗಿಮುದ್ದೆಯಲ್ಲಿ ಸುಣ್ಣದಂಶ ಧಾರಾಳವಾಗಿದೆ. ಆದರೂ ಕೊಟ್ಟ ಮಾತ್ರೆ ಬಿಡಬಾರದು. ಉಪ್ಪು ಬಿಟ್ಟರೆ ಈ ರೋಗ ಬಾರದೆಂಬುದಕ್ಕೆ ಆಧಾರವಿಲ್ಲ.

ಒಂದು ಮಾತನ್ನು ಮರೆಮಾಚಬಾರದು. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಪಾಲುಗೊಂಡ ‘ಕ್ಲಿಪ್’ ಪ್ರಯೋಗದಲ್ಲಿ ಹಳ್ಳಿಯ ಕಾರ್ಯಕರ್ತೆಯರು ಮನೆಮನೆಯಲ್ಲಿ ಒತ್ತಡ ಅಳೆದರು, ಮೊದಲ ಮದ್ದು ಕೊಟ್ಟು ಆಸ್ಪತ್ರೆಗೆ ಕಳುಹಿಸಿದರು. ಈ ಕೆಲಸವನ್ನು ಅವರು ಮಾಡಬಲ್ಲರೆಂದು ಸಿದ್ಧವಾಯಿತು. ಆದರೆ ತಾಯಿ-ಶಿಶುಗಳ ಸಾವುನೋವು ಒಟ್ಟಿನಲ್ಲಿ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಮನೆಬಾಗಿಲಿನ ಅಳತೆಯೊಂದೇ ಸಾಲದು. ಅದು ಮೇಲಿಂದ ಮೇಲೆ ನಡೆಯಬೇಕು, ಹಾದಿಯ ಕೊನೆಯ ಆಸ್ಪತ್ರೆಯಲ್ಲಿ ಔಷಧವೂ ರಕ್ತವೂ ಕೈಗಳೂ ಸಿದ್ಧವಿರಬೇಕು.

ಇವೆಲ್ಲಕ್ಕೂ ಮೊದಲ ಮೆಟ್ಟಿಲು ಮನೆಯಲ್ಲಿದೆ. ಬಸುರಿ ತಲೆನೋವೆಂದಾಗ ಮಜ್ಜಿಗೆಯ ಲೋಟ ಕೊಡಬಹುದು. ಅದರೊಡನೆ, ಇಂದೇ ಒತ್ತಡ ಅಳೆಯಿಸಿಕೊಂಡು ಬರೋಣ ನಡೆ ಎಂಬ ಮಾತೂ ಹೊರಡಬೇಕು.