ಮುಗಿದ ಮೇಲೂ ಒಂದು ಹಾಡು

ಪ್ರಶ್ನೆ: ಬೋರ್ಡ್ಸ್ ಆಫ್ ಕೆನಡಾ ಅವರ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ ಆಲ್ಬಮ್ ನನ್ನ ಗೆಳೆಯನ ಹಳೇ ಸಿಡಿಯಲ್ಲಿ 17ಕ್ಕೆ ಮುಗಿಯುತ್ತದೆ, ನನ್ನದರಲ್ಲಿ 18 ಇವೆ. ನನ್ನದರ ಕೊನೆ ಕೆಟ್ಟಿದೆ ಅಂತ ಅವನ ತಕರಾರು. ಒಂದು ಹಾಡು ಹೆಚ್ಚಿದ್ದರೆ ಲಾಭವೇ ಅಲ್ಲವೇ?

— ಒಬ್ಬ ಓದುಗರು, ಧಾರವಾಡ

ಉತ್ತರ: ಲಾಭ ನಿಮ್ಮದೇ, ಆದರೆ ತಕರಾರಿನಲ್ಲೂ ಹುರುಳಿದೆ.

ಸ್ಕಾಟ್ಲೆಂಡಿನ ಈ ಸಹೋದರರ ಆಲ್ಬಮ್ 1998ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಬಂದಾಗ 17ನೆಯದೇ ಕೊನೆ. ಅದು ಹಾಡೂ ಅಲ್ಲ. ‘ಒನ್ ವೆರಿ ಇಂಪಾರ್ಟೆಂಟ್ ಥಾಟ್’ ಎಂಬ ಒಂದೂಕಾಲು ನಿಮಿಷದ ತುಣುಕು. ಒಂದು ಗಂಟೆ ಕಾಲ ಚೂರುಚೂರಾಗಿ, ಮಸುಕುಮಸುಕಾಗಿ ಕೇಳುತ್ತಿದ್ದ ಮನುಷ್ಯರ ದನಿ ಇಲ್ಲಿ ಮೊದಲ ಸಲ ನೇರವಾಗಿ ನಿಮ್ಮನ್ನೇ ಉದ್ದೇಶಿಸಿ ಮಾತಾಡುತ್ತದೆ. ಏನು ನೋಡಬೇಕು, ಏನು ಓದಬೇಕು ಎಂಬುದನ್ನು ಬೇರೆಯವರ ಕೈಗೆ ಬಿಟ್ಟರೆ ಮುಂದೆ ಏನಾದೀತು ಎಂಬ ಎಚ್ಚರಿಕೆ ಅದು. ಗಂಭೀರವೋ ಕುಚೋದ್ಯವೋ, ಹೇಳುವುದು ಕಷ್ಟ. ಮಾತು ನಿಂತ ಕೂಡಲೇ ಆಲ್ಬಮ್ಮೂ ನಿಲ್ಲುತ್ತದೆ. ಹೇಳಿದ್ದನ್ನು ಮೆಲುಕು ಹಾಕುವ ಕೆಲಸ ನಿಮ್ಮ ಪಾಲಿಗೆ ಬೀಳುತ್ತದೆ.

ಅಮೆರಿಕದಲ್ಲಿ ಇದನ್ನು ಹೊರತಂದ ಮ್ಯಾಟಡೋರ್ ಕಂಪನಿಯ ಸಿಡಿಗೆ ‘ಹ್ಯಾಪಿ ಸೈಕ್ಲಿಂಗ್’ ಸೇರಿತು. 2004ರ ಮರುಮುದ್ರಣದಲ್ಲೂ ಅದು ಉಳಿಯಿತು. ಈಗ ಆ ಎಚ್ಚರಿಕೆಯ ಬೆನ್ನಿಗೇ ಡ್ರಮ್ಮು, ಕಡಲಹಕ್ಕಿ ಕೂಗಿದಂಥ ಸದ್ದು, ಹತ್ತಿರಹತ್ತಿರ ಎಂಟು ನಿಮಿಷ. ಯಕ್ಷಗಾನದಲ್ಲಿ ಮಂಗಳ ಹಾಡಿ ಜನ ಚಾಪೆ ಸುತ್ತುವಾಗ ಚೆಂಡೆಯವರು ಮತ್ತೊಂದು ಪ್ರಸಂಗಕ್ಕೆ ಕೈಹಾಕಿದ ಹಾಗೆ. ಕೊನೆಯ ಮಾತಾಗಿದ್ದದ್ದು ನಡುವಿನ ಪ್ರಕಟಣೆಯಾಗಿಬಿಡುತ್ತದೆ. ಮಾತಿನ ಕೈಯಲ್ಲಿದ್ದ ಮುಕ್ತಾಯ ಮತ್ತೆ ತಾಳದ ಕೈಗೆ ಹೋಗುತ್ತದೆ. ಅಳುಕು ಹೋಗಿ ಹಗುರವೆನಿಸುತ್ತದೆ, ನಿಜ. ಆದರೆ ಆ ಅಳುಕು ಬೇಕೆಂದೇ ಇಟ್ಟದ್ದಲ್ಲವೇ?

ಇಂಥ ಹೆಚ್ಚುವರಿ ಹಾಡುಗಳ ಹಿಂದೆ ಬಹಳ ಸಲ ವ್ಯಾಪಾರದ ಲೆಕ್ಕವಿರುತ್ತದೆ. ಜಪಾನಿನಲ್ಲಿ ಅಲ್ಲೇ ಮುದ್ರಿಸಿದ ಸಿಡಿಗಿಂತ ಹೊರಗಿನಿಂದ ತರಿಸಿದ್ದೇ ಅಗ್ಗ. ಹಾಗಾಗಿ ಗಿರಾಕಿಯನ್ನು ಒಲಿಸಲು ಅಲ್ಲಿನ ಕಂಪನಿಗಳು ಒಂದೆರಡು ಹಾಡು ಹೆಚ್ಚು ಕೊಡುವುದು ರೂಢಿ. ಇದೇ ಜೋಡಿಯ 2002ರ ‘ಜಿಯೋಗಾಡಿ’ಗೂ ಹಾಗೇ ಆಯಿತು. ಕೊನೆಯಲ್ಲಿ ಒಂದಿಷ್ಟು ಬರೀ ಮೌನ ಇಟ್ಟು ಅದರ ಒಟ್ಟು ಅವಧಿಯನ್ನು ಸರಿಯಾಗಿ 66 ನಿಮಿಷ 6 ಸೆಕೆಂಡಿಗೆ ತಂದು ನಿಲ್ಲಿಸಿದ್ದರು. ಸೈತಾನನ ಸಂಖ್ಯೆಯ ಆ ಚೇಷ್ಟೆ ಜಪಾನಿನ ಸಿಡಿಯ ಹೆಚ್ಚುವರಿ ತುಣುಕಿನಿಂದ ಕೆಟ್ಟಿತು.

ಹಾಗಂತ ‘ಹ್ಯಾಪಿ ಸೈಕ್ಲಿಂಗ್’ ಅನ್ನು ದೂರಲಾರೆ. ಆಲ್ಬಮ್ಮಿನ ಎಷ್ಟೋ ಪುಟ್ಟ ತುಣುಕುಗಳಿಗಿಂತ ಅದೇ ನನಗೆ ಹೆಚ್ಚು ಇಷ್ಟ. ಒಂದು ಕೆಲಸ ಮಾಡಿ: 17 ಮುಗಿದೊಡನೆ ಪ್ಲೇಯರ್ ನಿಲ್ಲಿಸಿ. ‘ಹ್ಯಾಪಿ ಸೈಕ್ಲಿಂಗ್’ ಕೇಳಲು ಬಿಬಿಸಿ ರೇಡಿಯೊದ ಜಾನ್ ಪೀಲ್ ಕಾರ್ಯಕ್ರಮಕ್ಕಾಗಿ ಅವರು ಧ್ವನಿಮುದ್ರಿಸಿದ ಮೂರು ಹಾಡಿನ ಪುಟ್ಟ ತಟ್ಟೆ ಹಾಕಿಕೊಳ್ಳಿ. ಅಲ್ಲಿ ಅದು ‘ಅಕ್ವೇರಿಯಸ್’ ಮತ್ತು ‘ಓಲ್ಸನ್’ ನಡುವೆ, ಎರಡನೆಯದಾಗಿ ಬರುತ್ತದೆ. ಮುಗಿಸುವ ಜವಾಬ್ದಾರಿ ಅದರ ಮೇಲಿಲ್ಲ.